ಅಪ್ಪಾಸಾಹೇಬರು ಬಾಯಿ ಮುಚ್ಚಿದ ರವಿವಾರ

ಅಪ್ಪಾಸಾಹೇಬರ ಮನಶ್ಶಾಂತಿಯ ಹುಡುಕಾಟ ಶುರುವಾದದ್ದು ಕಂಪನಿ ಬಸ್ಸಿನ ಒಂದು ಕಿಟಕಿಯಿಂದ.

ಪುಣೆ ಹತ್ತಿರದ ನಿಗಡಿಯಿಂದ ಚಾಕಣಕ್ಕೆ ಹೋಗುವ ಆ ಬಸ್ಸಿನಲ್ಲಿ ಎಡಗಡೆಯ ಮೂರನೆಯ ಸೀಟಿನ ಕಿಟಕಿ ತಮ್ಮ ಪಿತ್ರಾರ್ಜಿತ ಆಸ್ತಿಯೆಂದು ಅಪ್ಪಾಸಾಹೇಬರು ಆರು ವರ್ಷಗಳಿಂದ ನಂಬಿದ್ದರು. ಒಂದು ಮಂಗಳವಾರ ಹೊಸದಾಗಿ ಸೇರಿದ ಇಂಜಿನಿಯರನೊಬ್ಬ ಅಲ್ಲಿ ಕೂತು, ತಲೆಯನ್ನು ಗಾಜಿಗೆ ಆನಿಸಿ, ನಿದ್ದೆ ಹೋದ. ಅಪ್ಪಾಸಾಹೇಬರು ಚಾಕಣ ಬರುವ ತನಕ ಪಕ್ಕದಲ್ಲೇ ನಿಂತು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಜಗಳವಾಡಿದರು. ಅವನಿಗೆ ಎಚ್ಚರವೇ ಆಗಲಿಲ್ಲ. ಇಳಿಯುವಾಗ ಇವರಿಗೆ ತಲೆ ಗಿರ್ರೆಂದಿತು. ಕಂಪನಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಮೇಲೇರಿದ ಪಾದರಸವನ್ನು ನೋಡಿ, ತಮ್ಮ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. "ಗುಳಿಗೆ ಕೊಡ್ತೇನೆ. ಆದರೆ ನಿಮಗೆ ಬೇಕಾದದ್ದು ಧ್ಯಾನ" ಎಂದರು.

ಅಪ್ಪಾಸಾಹೇಬರು ಕೆಟ್ಟವರಲ್ಲ. ವಿಜಾಪುರ ಜಿಲ್ಲೆಯಿಂದ ಬಂದು ಪುಣೆಯಲ್ಲಿ ಇಪ್ಪತ್ತು ವರ್ಷ ನೆಟ್ಟಗೆ ನೌಕರಿ ಮಾಡಿದವರು. ಕಂಪನಿಯ ಸ್ಟೋರ್ಸಿನಲ್ಲಿ ಕ್ಲಾರ್ಕು. ಒಂದು ನಟ್ಟು ಆಚೀಚೆ ಆಗಲು ಬಿಡುತ್ತಿರಲಿಲ್ಲ. ಆದರೆ ಬಾಯಿ ಜೋರು. ಅವರು ಗುಟ್ಟು ಹೇಳಿದರೂ ಮೂರು ಮಹಡಿಗೆ ಕೇಳುತ್ತಿತ್ತು. ಮನೆಯಲ್ಲಿ ಟವೆಲ್ಲು ಕಾಣದಿದ್ದರೆ ಬೀದಿಯವರಿಗೆಲ್ಲ ಅದು ಕಾಣೆಯಾದ ಸುದ್ದಿ ತಿಳಿಯುತ್ತಿತ್ತು.

ಧ್ಯಾನ ಕಲಿಸಲು ಅವರಿಗೆ ಸಿಕ್ಕವರು ಅವಧೂತ ಸರ್. ಬ್ಯಾಂಕಿನಿಂದ ನಿವೃತ್ತರಾದ ಮರಾಠಿ ಮನುಷ್ಯ. ಧಾರವಾಡದಲ್ಲಿ ಎಂಟು ವರ್ಷ ಕಳೆದಿದ್ದರಿಂದ ಅಲ್ಲಿಯ ಕನ್ನಡವನ್ನು ಪೇಢೆಯ ಜೊತೆಗೇ ಕಟ್ಟಿಕೊಂಡು ಬಂದಿದ್ದರು. ಶನಿವಾರ ಸಂಜೆ ಶಾಲೆಯೊಂದರ ಹಾಲಿನಲ್ಲಿ ಅವರ ಕ್ಲಾಸು. ಹೊರಗೆ ಬೋರ್ಡು: 'ಎಂದೂ ಮುಗಿಯದ ಒಳಗಿನ ಸುಖ.' ಈ 'ಮುಗಿಯದ' ಎಂಬ ಮಾತು ಅಪ್ಪಾಸಾಹೇಬರಿಗೆ ಹಿಡಿಸಿಬಿಟ್ಟಿತು. ಸ್ಟೋರ್ಸಿನಲ್ಲಿ ಮುಗಿಯದ ಮಾಲನ್ನು ಅವರು ಈವರೆಗೆ ಕಂಡಿರಲಿಲ್ಲ.

ಎರಡು ತಿಂಗಳು ಕ್ಲಾಸಿಗೆ ಹೋದರು. ಉಸಿರು ನೋಡಿರಿ ಎಂದರೆ ನೋಡಿದರು. ಆದರೆ ಅವರ ಕಣ್ಣು ನೆಟ್ಟಿದ್ದು ಬೇರೆ ಕಡೆ. ಸರ್ ಪ್ರತಿವರ್ಷ ಮುಳಶಿ ಕಡೆಯ ಗುಡ್ಡದ ಮೇಲೆ ಹತ್ತು ದಿನದ ಶಿಬಿರ ನಡೆಸುತ್ತಿದ್ದರು. ಅಲ್ಲಿ ಫೋನಿಲ್ಲ, ಬಸ್ಸಿಲ್ಲ, ಹುಡುಕಿದರೂ ಒಬ್ಬ ನೆಂಟ ಸಿಗುವುದಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಊಟ, ಉಳಿದ ಹೊತ್ತೆಲ್ಲ ಮರದ ಕೆಳಗೆ ಕೂಡುವುದು. ಆ ಹತ್ತು ದಿನ ಸಿಕ್ಕರೆ ಉಳಿದ ಆಯುಷ್ಯಕ್ಕಾಗುವಷ್ಟು ಸುಖ ತುಂಬಿಕೊಂಡು ಬರುತ್ತೇನೆಂದು ಅಪ್ಪಾಸಾಹೇಬರಿಗೆ ಖಾತ್ರಿಯಾಗಿತ್ತು. ಈ ಸಲದ ಶಿಬಿರ ಸೋಮವಾರದಿಂದ. ಒಂದೇ ಒಂದು ಸೀಟು ಉಳಿದಿತ್ತು. ಅವರು ಆಸೆ ತಡೆಯಲಾರದೆ ರಜೆಯನ್ನೂ ಮಂಜೂರು ಮಾಡಿಸಿಕೊಂಡಿದ್ದರು.

"ಸೀಟು ನಿಮಗs ಇಟ್ಟೀನಿ" ಎಂದು ಸರ್ ಶನಿವಾರ ಹೇಳಿದರು. "ಆದ್ರ ಒಂದು ಪರೀಕ್ಷಾ ಅದ. ನಾಳೆ ರವಿವಾರ ಸೂರ್ಯ ಹುಟ್ಟಿದಾಗಿಂದ ಮುಳುಗೂತನಕ ಮೌನ. ಮಾತಾಡಂಗಿಲ್ಲ. ಬರದು ತೋರಸಂಗಿಲ್ಲ. ಕೈಸನ್ನಿ, ಕಣ್ಸನ್ನಿ, ತಲಿ ಅಲ್ಲಾಡ್ಸೂದು ಯಾವುದೂ ಇಲ್ಲ. ಸಂಜಿಮುಂದ ನಾನs ಮನಿಗೆ ಬಂದು ಕೇಳ್ತೀನಿ. ಒಂದು ಅಕ್ಷರ ಆಡಿದ್ರೂ ಸೀಟು ಹೋತು."

"ಇಷ್ಟ ಏನ್ರಿ ಸರ್?" ಎಂದು ಅಪ್ಪಾಸಾಹೇಬರು ನಕ್ಕರು. ಆ ನಗು ಶಾಲೆಯ ಹೊರಗೆ ಕಟ್ಟಿದ್ದ ಎಮ್ಮೆಗೂ ಕೇಳಿಸಿತು.

ರವಿವಾರ ಬೆಳಿಗ್ಗೆ ಆರು ಗಂಟೆಗೆ ಅವರು ಮನೆಯ ಹಾಲಿನಲ್ಲಿ ಚಾಪೆ ಹಾಕಿ ಪದ್ಮಾಸನದಲ್ಲಿ ಕೂತರು. ಮೌನದ ಸಂಗತಿಯನ್ನು ರಾತ್ರಿಯೇ ಕೇಳಿಸಿಕೊಂಡಿದ್ದ ಹೆಂಡತಿ ಭೀಮವ್ವ ಚಹಾ ತಂದಿಟ್ಟರು.

"ಸಕ್ರಿ ಬರೊಬ್ಬರಿ ಅದ ಏನ್ ನೋಡ್ರಿ" ಎಂದರು ರೂಢಿಯಂತೆ.

ಇಪ್ಪತ್ತೆರಡು ವರ್ಷಗಳಿಂದ ಈ ಪ್ರಶ್ನೆಗೆ 'ಇದೇನ್ ಚಹಾನೋ ಕಷಾಯನೋ' ಎಂಬುದೇ ಉತ್ತರ. ಇವತ್ತು ಉತ್ತರ ಬರಲಿಲ್ಲ. ಭೀಮವ್ವ ಒಂದು ಗಳಿಗೆ ಗಂಡನ ಮುಖ ನೋಡುತ್ತ ನಿಂತರು. ಬಳಿಕ ತಮ್ಮ ಕಪ್ಪು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟರು.

ಅಪ್ಪಾಸಾಹೇಬರು ಸ್ನಾನ ಮುಗಿಸಿದಾಗ ಟವೆಲ್ಲು ಎಂದಿನಂತೆ ಕಾಣೆಯಾಗಿತ್ತು. ಕೂಗಲು ಬಾಯಿ ತೆರೆದರು, ಮುಚ್ಚಿದರು. ಐದು ನಿಮಿಷ ಹುಡುಕಿ, ಕೊನೆಗೆ ಒಗೆಯಲು ಹಾಕಿದ್ದ ನಿನ್ನೆಯ ಧೋತರದಿಂದ ಮೈ ಒರೆಸಿಕೊಂಡರು. ಭೀಮವ್ವ ಇನ್ನೂ ಬಾಲ್ಕನಿಯಲ್ಲೇ ಇದ್ದರು. ಉಪ್ಪಿಟ್ಟಿಗೆ ಉಪ್ಪು ಬಿದ್ದಿರಲಿಲ್ಲ. ಅಪ್ಪಾಸಾಹೇಬರು ನುಂಗಿದರು. ಹೇಳಲಾಗದ್ದನ್ನು ಮನಸ್ಸಿನೊಳಗೆ ನಂಬರು ಹಾಕಿ ಇಟ್ಟುಕೊಂಡರು. ಒಂದು, ಟವೆಲ್ಲು. ಎರಡು, ಉಪ್ಪು. ಸ್ಟೋರ್ಸಿನವರಿಗೆ ಪಟ್ಟಿ ಮಾಡುವುದನ್ನು ಹೇಳಿಕೊಡಬೇಕೆ? ಸೂರ್ಯ ಮುಳುಗಲಿ, ಒಂದೊಂದಾಗಿ ಹೊರಗೆ ತೆಗೆಯುತ್ತೇನೆ ಎಂದುಕೊಂಡರು.

ಎಂಟು ಗಂಟೆಗೆ ಫೋನು ಹೊಡೆದುಕೊಂಡಿತು. ಭೀಮವ್ವ ಬಚ್ಚಲಲ್ಲಿದ್ದರು. ಆರು ಸಲ ಹೊಡೆದುಕೊಂಡ ಮೇಲೆ ಅಪ್ಪಾಸಾಹೇಬರ ಕೈ ತಾನಾಗಿ ರಿಸೀವರ್ ಎತ್ತಿ ಕಿವಿಗೆ ಹಚ್ಚಿತು. ಹಚ್ಚಿದ ಮೇಲೆ ತಪ್ಪು ತಿಳಿಯಿತು.

"ಭಾವಾರ! ನಾ ಮಾಂತು ಮಾತಾಡೂದು!" ಆ ಕಡೆಯಿಂದ ದನಿ ಉಕ್ಕಿತು. ಮಾಂತು ಭೀಮವ್ವನ ತಮ್ಮ. ಮಾತಿನಲ್ಲಿ ಅವನಿಗೆ ಪೂರ್ಣವಿರಾಮವೆಂಬುದು ಗೊತ್ತಿಲ್ಲ. ಹಿಂದೊಮ್ಮೆ ನಾಲ್ಕು ದಿನಕ್ಕೆಂದು ಬಂದು ಮೂರು ತಿಂಗಳು ಇದ್ದು ಹೋಗಿದ್ದ. "ಈಗs ಸ್ವಾರಗೇಟನ್ಯಾಗ ಬಸ್ ಇಳದೀನ್ರಿ. ಚಾಕಣದಾಗ ಗಾಡಿ ಕಂಪನಿಗೋಳು ಭಾಳ ಬಂದಾವಂತಲ್ರಿ, ನೌಕರಿ ಹುಡುಕೂಣಂತ ಬಂದೀನಿ. ನೌಕರಿ ಸಿಗೂತನಕ ನಿಮ್ಮ ಮನ್ಯಾಗ ಇದ್ರ ನಡೀತದೇನ್ರಿ?"

ಅಪ್ಪಾಸಾಹೇಬರ ನಾಲಿಗೆ ಹಗ್ಗ ಕಟ್ಟಿದ ಹೋರಿಯಂತೆ ಒದ್ದಾಡಿತು. ರಿಸೀವರ್ ಕೆಳಗಿಟ್ಟರೆ ಅದು ಸನ್ನೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅವರು ಯೋಚಿಸುತ್ತಿದ್ದರು.

"ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ರಿ. ನಾ ಏನ್ ಸಿಟ್ಟಾಗಾಂವಲ್ಲ. ಇಲ್ಲಿಂದs ವಾಪಸ್ ಬಸ್ ಹತ್ತತೀನಿ."

ಅಪ್ಪಾಸಾಹೇಬರ ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಶಬ್ದ ಸಾಕಿತ್ತು.

"ಅಯ್ಯ ಭಾವಾರ!" ಮಾಂತು ಹಿಗ್ಗಿಹೋದ. "ಹ್ವಾದ ಸಲ ಮನಿಗೆ ಸುಣ್ಣಾ ಹಚ್ಚಲಿಕತ್ತೀವಿ ಅಂದ್ರಿ. ಅದರ ಹಿಂದಿನ ಸಲ ಮನಿಮಂದಿಗೆಲ್ಲಾ ಕಣ್ಣಬ್ಯಾನಿ ಬಂದದ ಅಂದ್ರಿ. ಈ ಸಲ ಒಂದು ಮಾತೂ ಅಡ್ಡ ಬರಲಿಲ್ಲ. ದೇವರಂಥಾ ಮನಷ್ಯಾ ನೀವು. ಇಲ್ಲೆ ಒಬ್ಬ ದೋಸ್ತನ ಭೆಟ್ಟಿ ಅದ, ಮುಗಿಸಿ ಸಂಜಿಗೆ ಬರ್ತೀನಿ. ಟ್ರಂಕೂ ತಂದೀನಿ!"

ಭೀಮವ್ವ ಬಚ್ಚಲಿಂದ ಬಂದು, "ಯಾರ್ದರಿ ಫೋನು?" ಎಂದು ಕೇಳಿದರು. "ಯಾರದರೆ ಇರ್ಲಿ ಬಿಡ್ರಿ" ಎಂದು ಹಾಡು ಗುನುಗುತ್ತ ಒಳಗೆ ಹೋದರು. ಹೆಂಡತಿಗೆ ಹಾಡು ಬರುತ್ತದೆಂಬುದು ಅಪ್ಪಾಸಾಹೇಬರಿಗೆ ಹೊಸ ಸುದ್ದಿ. ಪಟ್ಟಿ ಹನ್ನೊಂದಕ್ಕೆ ಬಂದಿತ್ತು, ಅದರಲ್ಲಿ ಮಾಂತು ಒಬ್ಬನೇ ಏಳು ನಂಬರು.

ಹತ್ತು ಗಂಟೆಗೆ ಎದುರುಮನೆಯ ಲೋಕನಾಥ ಬಾಗಿಲು ತಟ್ಟದೆ ಒಳಗೆ ಬಂದರು. ಕುಂದಾಪುರದ ಕಡೆಯವರು, ಆಕುರ್ಡಿ ಸ್ಟೇಶನ್ನಿನ ಹತ್ತಿರ ಇಡ್ಲಿ-ದೋಸೆಯ ಹೋಟೆಲು. ಯಾವತ್ತೂ ಅವಸರದಲ್ಲಿರುವ ಮನುಷ್ಯ.

"ಎಂತ ಅಪ್ಪಾಸಾಹೇಬ್ರೆ, ಮೌನ ಅಂತೆ? ಭೀಮಕ್ಕ ನನ್ನ ಹೆಂಡ್ತಿ ಹತ್ರ ಹೇಳಿದ್ರು. ಒಳ್ಳೆದು ಮಾರಾಯ್ರೆ. ನಮ್ಮ ಹೋಟೆಲಲ್ಲಿ ಮೌನ ಅಂದ್ರೆ ಗಿರಾಕಿ ಇಲ್ಲ ಅಂತ ಲೆಕ್ಕ." ಅವರು ಗೋಡೆಯ ಮೊಳೆಯತ್ತ ಒಮ್ಮೆ ನೋಡಿದರು. ಅಲ್ಲಿ ಸ್ಕೂಟರಿನ ಕೀಲಿ ತೂಗುತ್ತಿತ್ತು. "ಒಂದು ಉಪಕಾರ ಆಗ್ಬೇಕಿತ್ತು. ನಮ್ಮ ಟೆಂಪೋ ಕೆಟ್ಟು ಕೂತಿದೆ. ಹಿಟ್ಟಿನ ಎರಡು ಕ್ಯಾನು ಹೋಟೆಲಿಗೆ ಮುಟ್ಟಿಸ್ಬೇಕು. ನಿಮ್ಮ ಸ್ಕೂಟರ್ ಒಂದು ಅರ್ಧ ಗಂಟೆಗೆ ಕೊಡ್ತೀರಾ?"

ಆ ಸ್ಕೂಟರಿನ ವಿಷಯ ಹೇಳಬೇಕು. ಒಂಬತ್ತು ವರ್ಷ ಹಳೆಯದಾದರೂ ಸೀಟಿನ ಮೇಲಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಮಳೆ ಬಂದರೆ ಅಪ್ಪಾಸಾಹೇಬರು ತಾವು ನೆನೆದು ಅದಕ್ಕೆ ಕೊಡೆ ಹಿಡಿಯುತ್ತಿದ್ದರು. ಯಾರಿಗೂ ಕೊಟ್ಟವರಲ್ಲ. ಇದು ಸೊಸೈಟಿಗೆಲ್ಲ ಗೊತ್ತಿತ್ತು, ಲೋಕನಾಥರಿಗೂ ಗೊತ್ತಿತ್ತು.

"ಕೊಡುದಿಲ್ಲ ಅಂತಾದ್ರೆ ಬಾಯಿ ಬಿಟ್ಟು ಹೇಳಿ. ನಂಗೆ ಬೇಜಾರಿಲ್ಲ" ಎಂದು ಲೋಕನಾಥ ಕೈಗಡಿಯಾರ ನೋಡುತ್ತ ನಿಂತರು. ಅರ್ಧ ನಿಮಿಷ ಕಾದರು. "ಆಯ್ತಲ್ಲ ಹಾಗಾದ್ರೆ" ಎಂದು ಮೊಳೆಗೆ ಕೈ ಹಾಕಿದರು.

ಕೆಳಗೆ ಸ್ಕೂಟರು ಶುರುವಾದ ಸದ್ದು ಕೇಳಿತು. ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಸುಮ್ಮನೆ ನೋಡುತ್ತಿರಿ ಎಂದು ಸರ್ ಉಸಿರಿನ ಬಗ್ಗೆ ಹೇಳಿದ್ದರು. ಅಪ್ಪಾಸಾಹೇಬರು ಕಿಟಕಿಯಿಂದ ಸ್ಕೂಟರು ಹೊರಗೆ ಹೋಗುವುದನ್ನು ನೋಡಿದರು. ಹಿಂದಿನ ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಎರಡು ಕ್ಯಾನುಗಳಿದ್ದವು. ಒಂದರ ಮುಚ್ಚಳ ಸಡಿಲವಾಗಿತ್ತು.

ಮಧ್ಯಾಹ್ನ ಊಟಕ್ಕೆ ಭೀಮವ್ವ ಇಬ್ಬರಿಗೂ ಒಟ್ಟಿಗೇ ತಟ್ಟೆ ಹಾಕಿ ಎದುರಿಗೆ ಕೂತರು. ಉಣ್ಣುತ್ತ ಉಣ್ಣುತ್ತ ತವರಿನ ಬಾವಿಯೊಂದರ ಕತೆ ಹೇಳಿದರು. ಅದರಲ್ಲಿ ಒಂದು ಆಮೆ ಇತ್ತು, ಒಬ್ಬ ಅಜ್ಜಿ ಇದ್ದಳು, ಒಂದು ಬೆಳ್ಳಿಯ ಲೋಟವೂ ಬಿದ್ದಿತ್ತು. ಅಪ್ಪಾಸಾಹೇಬರ ಕಿವಿಗೆ ಅಷ್ಟೇ ಬಿತ್ತು. ಅವರು ಆಗ ಲೋಕನಾಥರಿಗೆ ಸಂಜೆ ಹೇಳಬೇಕಾದ ಮಾತುಗಳನ್ನು ಖಾರದ ಪ್ರಕಾರ ಜೋಡಿಸುತ್ತಿದ್ದರು. ಊಟವಾದ ಮೇಲೆ ಭೀಮವ್ವ ಹಾಲಿನಲ್ಲೇ ಚಾಪೆ ಬಿಡಿಸಿ ಅಡ್ಡಾದರು. ಹಗಲಲ್ಲಿ ಇವಳು ಮಲಗಿದ್ದನ್ನು ಅಪ್ಪಾಸಾಹೇಬರು ಜ್ವರ ಬಂದ ಹೊತ್ತು ಬಿಟ್ಟರೆ ಎಂದೂ ನೋಡಿರಲಿಲ್ಲ. ನಂಬರು ಇಪ್ಪತ್ತಾರು.

ನಾಲ್ಕು ಗಂಟೆಗೆ ದೊಡ್ಡ ಗಂಡಾಂತರವೊಂದು ಕಾದಿತ್ತು. ಅದು ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ.

ಆ ಸೊಸೈಟಿಯಲ್ಲಿ ಸೆಕ್ರೆಟರಿಯನ್ನು ಆರಿಸುವ ಪದ್ಧತಿ ಬೇರೆ. ಬೇರೆ ಕಡೆ ಪದವಿಗಾಗಿ ಜಗಳವಾದರೆ ಇಲ್ಲಿ ತಪ್ಪಿಸಿಕೊಳ್ಳಲು ಜಗಳ. ಟಾಕಿಗೆ ನೀರು ಬರಲಿಲ್ಲವೆಂದರೆ ಸೆಕ್ರೆಟರಿ, ಬಂದದ್ದು ಉಕ್ಕಿ ಹರಿಯಿತೆಂದರೆ ಸೆಕ್ರೆಟರಿ, ವಾಚ್‌ಮನ್ ಮಲಗಿದ್ದರೆ ಸೆಕ್ರೆಟರಿ, ಅವನು ಎಚ್ಚರವಿದ್ದು ಕೆಮ್ಮಿದರೂ ಸೆಕ್ರೆಟರಿ. ಸಭೆಯಲ್ಲಿ ಚೇರ್ಮನ್ ಫ್ಲ್ಯಾಟಿನ ನಂಬರು ಪ್ರಕಾರ ಹೆಸರು ಕೂಗುತ್ತ ಹೋಗುತ್ತಾರೆ. ಹೆಸರು ಬಂದವನು ತಟ್ಟನೆ ಎದ್ದು 'ನಕೊ', ಅಂದರೆ ಬೇಡ, ಎಂದು ಒಂದು ಕಾರಣ ಕೊಡಬೇಕು. ಮಗಳ ಹತ್ತನೆಯ ಪರೀಕ್ಷೆ, ಮೊಣಕಾಲು ನೋವು, ನೈಟ್ ಶಿಫ್ಟು, ಯಾವುದಾದರೂ ನಡೆಯುತ್ತದೆ. ಕಾರಣ ಕೊಡಲು ತಡವರಿಸಿದವನ ಕೊರಳಿಗೆ ವರ್ಷದ ಮಟ್ಟಿಗೆ ಗಂಟೆ. ಸಭೆಗೆ ಬಾರದವನನ್ನಂತೂ ಕೇಳುವುದೇ ಇಲ್ಲ, ಅವನೇ ಸೆಕ್ರೆಟರಿ. ಹೋದ ವರ್ಷದ ಪಾಪದ ಪ್ರಾಣಿ ಮಾವನ ತಿಥಿಗೆ ಹೋಗಿ ಸಿಕ್ಕಿಬಿದ್ದಿತ್ತು.

ಅಪ್ಪಾಸಾಹೇಬರು ಪ್ರತಿವರ್ಷ ಎದ್ದು, "ನಾ ಸೆಕ್ರೆಟರಿ ಆದ್ರ ಎಲ್ಲಾರ ಜೋಡಿ ಜಗಳಾ ಆಗ್ತದ" ಎಂದು ಗುಡುಗುತ್ತಿದ್ದರು. ಆ ಕಾರಣ ಯಾವಾಗಲೂ ಸರ್ವಾನುಮತದಿಂದ ಒಪ್ಪಿಗೆಯಾಗುತ್ತಿತ್ತು.

ಈಗ ಹೋಗದಿದ್ದರೂ ಕೆಟ್ಟಿತು, ಹೋದರೂ ಕೆಟ್ಟಿತು. ಹೆಂಡತಿಯನ್ನು ಕರೆದುಕೊಂಡು ಹೋದರೆ ಅವಳಾದರೂ ತನ್ನ ಪರವಾಗಿ ಹೇಳಿಯಾಳು. ಆದರೆ ಕರೆಯುವುದು ಹೇಗೆ? ಚಾಪೆಯ ಪಕ್ಕ ನಿಂತು ಎರಡು ಸಲ ಕೆಮ್ಮಿದರು. ಕೆಮ್ಮು ನಿಯಮಕ್ಕೆ ವಿರುದ್ಧವೇನಲ್ಲ. ಭೀಮವ್ವ ಮುಗುಳ್ನಗುತ್ತ ಮಗ್ಗಲು ಬದಲಿಸಿದರು. ಅಪ್ಪಾಸಾಹೇಬರು ಒಬ್ಬರೇ ಕೆಳಗಿಳಿದು ಪಾರ್ಕಿಂಗಿನ ಕೊನೆಯ ಕುರ್ಚಿಯಲ್ಲಿ, ಕಂಬದ ಹಿಂದೆ ಕೂತರು.

ಕಂಬ ಸಣ್ಣದು, ಅಪ್ಪಾಸಾಹೇಬರು ದೊಡ್ಡವರು. ಚೇರ್ಮನ್ ಸದಾನಂದರಾವ್ ಒಂದರಿಂದ ಆರರ ತನಕ 'ನಕೊ'ಗಳನ್ನು ಬರೆದುಕೊಂಡು ಏಳಕ್ಕೆ ಬಂದರು.

"ಫ್ಲ್ಯಾಟ್ ನಂಬರ್ ಸಾತ್, ಅಪ್ಪಾಸಾಹೇಬ."

ಸಭೆಯಲ್ಲಿದ್ದವರು ಗುಡುಗು ಕೇಳಲು ಕಿವಿ ಸ್ವಲ್ಪ ಮುಚ್ಚಿಕೊಂಡರು. ಗುಡುಗಲಿಲ್ಲ. ಸದಾನಂದರಾವ್ ಕನ್ನಡಕದ ಮೇಲಿನಿಂದ ನೋಡಿದರು.

"ಕಾಯ್ ಅಪ್ಪಾಸಾಹೇಬ, ಚಾಲೇಲ್ ನಾ?" ನಡೆಯುತ್ತದಲ್ಲವೇ ಎಂದು ಕೇಳಿದರು.

ಅಪ್ಪಾಸಾಹೇಬರು ಕಲ್ಲಿನ ಬಸವಣ್ಣನ ಹಾಗೆ ಕೂತಿದ್ದರು. ಹಣೆಯಿಂದ ಬೆವರು ಮಾತ್ರ ಇಳಿಯುತ್ತಿತ್ತು. ಎಂಟನೆಯ ನಂಬರಿನ ಲೋಕನಾಥ ಆಗತಾನೆ ಸ್ಕೂಟರು ನಿಲ್ಲಿಸಿ ಓಡಿಬಂದಿದ್ದರು. ಅರ್ಧ ಗಂಟೆಗೆಂದು ಹೋದ ಸ್ಕೂಟರು ಆರು ತಾಸಾದ ಮೇಲೆ ಮರಳಿತ್ತು, ಮಡ್‌ಗಾರ್ಡು ನೆಗ್ಗಿತ್ತು, ಬಾಲದ ತನಕ ಹಿಟ್ಟು ಹರಿದು ಬಿಸಿಲಿಗೆ ಒಣಗಿತ್ತು. ಏಳರವರು ಬೇಡವೆಂದರೆ ಮುಂದಿನ ಹೆಸರು ತನ್ನದೆಂದು ಲೋಕನಾಥರಿಗೆ ಕ್ಷಣದಲ್ಲಿ ಹೊಳೆಯಿತು.

"ಅವ್ರು ಧ್ಯಾನದಲ್ಲಿದ್ದಾರೆ!" ಎಂದು ಅವರು ತಮ್ಮ ಹೋಟೆಲಿನ ಮರಾಠಿಯಲ್ಲಿ ಎಲ್ಲರಿಗೂ ಸಾರಿದರು. "ಬೆಳಿಗ್ಗೆಯಿಂದ ಯಾರಿಗೂ ಒಂದು ಮಾತು ಅಂದಿಲ್ಲ. ಪೂರಾ ಶಾಂತ ಆಗಿದ್ದಾರೆ. ಇನ್ನು ಜಗಳದ ಹೆದರಿಕೆಯೇ ಇಲ್ಲ. ತಿರುಗಿ ಬೈಯದ ಸೆಕ್ರೆಟರಿ ನಮಗೆ ಎಲ್ಲಿ ಸಿಗ್ತಾರೆ?"

"ವಾಹ್!" ಎಂದಿತು ಸಭೆ.

ಅಪ್ಪಾಸಾಹೇಬರು ಬಾಯಿ ತೆರೆದರು. ನಿಜವಾಗಿಯೂ ತೆರೆದರು. ಗಂಟಲಲ್ಲಿ 'ನಕೊ' ಬಂದು ನಿಂತಿತ್ತು. ಆದರೆ ಸೂರ್ಯ ಇನ್ನೂ ನೀರಿನ ಟಾಕಿಯ ಮೇಲೆಯೇ ಇದ್ದ. ಮುಳಶಿಯ ಗುಡ್ಡ, ಮರ, ಗಂಜಿ ಎಲ್ಲ ಕಣ್ಣ ಮುಂದೆ ಬಂದವು. ಮಾಂತು ಬರುವುದು ಖಾತ್ರಿಯಾಗಿತ್ತು, ಸ್ಕೂಟರು ಹಾಳಾಗಿತ್ತು. ಇಷ್ಟೆಲ್ಲ ಕೊಟ್ಟಾದ ಮೇಲೆ ಸೀಟನ್ನೂ ಕಳೆದುಕೊಂಡರೆ ತನ್ನಂಥ ಮೂರ್ಖ ಇನ್ನೊಬ್ಬನಿಲ್ಲ. ಹತ್ತು ದಿನ ಗುಡ್ಡದ ಮೇಲಿದ್ದು ಸುಖ ತುಂಬಿಕೊಂಡು ಬಂದರೆ ಸೆಕ್ರೆಟರಿಗಿರಿಯೇನು, ಯಮನ ಕ್ಲಾರ್ಕಿಯನ್ನೂ ಮಾಡಬಹುದು. ಅವರು ಬಾಯಿ ಮುಚ್ಚಿದರು.

ಚಪ್ಪಾಳೆ ಬಿತ್ತು. ಪಂಪ್‌ರೂಮಿನ ಕೀಲಿ, ಟೆರೇಸಿನ ಕೀಲಿ, ಮೀಟರ್ ಪೆಟ್ಟಿಗೆಯ ಕೀಲಿ, ಎರಡು ಗೇಣು ದಪ್ಪದ ತಕರಾರು ಫೈಲು ಅವರ ಮಡಿಲಿಗೆ ಬಂದವು. ಅಲ್ಲೇ ಜನ ಸಾಲುಗಟ್ಟಿದರು. ಹನ್ನೆರಡನೆಯ ನಂಬರಿನ ದೀಪಾಲಿ ತನ್ನ ಬಚ್ಚಲಿನ ಗೋಡೆ ಸೋರುವ ಕತೆಯನ್ನು ಇಪ್ಪತ್ತು ನಿಮಿಷ ಹೇಳಿದಳು. ಅಪ್ಪಾಸಾಹೇಬರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಅವಳಿಗೆ ಅಳುವೇ ಬಂದುಬಿಟ್ಟಿತು.

"ನಾಲ್ಕು ವರ್ಷದಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿದ ಮೊದಲ ಗಂಡಸು ನೀವು" ಎಂದು ಮರಾಠಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ರಿಕ್ಷಾ ಬಂತು. ಮಾಂತು ಇಳಿದ, ಟ್ರಂಕು ಇಳಿಯಿತು, ಒಂದು ಚೀಲ ಜೋಳವೂ ಇಳಿಯಿತು. ಎಲ್ಲರೆದುರಿಗೆ ಭಾವನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಬಸ್ಸಿನಲ್ಲಿ ಸೊಲ್ಲಾಪುರದ ತನಕ ಪಕ್ಕದಲ್ಲಿ ಕೂತವನ ಮದುವೆಯ ಕತೆ ಹೇಳುತ್ತ ಮೆಟ್ಟಿಲು ಹತ್ತಿಸಿದ. ಮೇಲೆ ಭೀಮವ್ವ ಎದ್ದು ಬಾಲ್ಕನಿಯಲ್ಲಿ ಕೂತಿದ್ದರು.

"ಬಂದೇನೋ ಮಾಂತು? ಛಲೋ ಆತು" ಎಂದರು. ಎದ್ದು ಓಡಾಡಲಿಲ್ಲ. "ಚಹಾಪುಡಿ ಮ್ಯಾಲಿನ ಡಬ್ಬ್ಯಾಗ ಅದ. ಮಾಡ್ಕೊಂಡು ಕುಡಿ. ಎಲ್ಲಾರಿಗೂ ಮಾಡು."

ಮಾಂತು ಬೆರಗಾಗಿ ಭಾವನ ಕಡೆ ನೋಡಿದ. ಭಾವ ಸೂರ್ಯನ ಕಡೆ ನೋಡುತ್ತಿದ್ದರು. ಆ ದಿನ ಸೂರ್ಯ ಮುಳುಗಲು ತೆಗೆದುಕೊಂಡಷ್ಟು ಹೊತ್ತನ್ನು ಹಿಂದೆ ಎಂದೂ ತೆಗೆದುಕೊಂಡಿರಲಿಲ್ಲ.

ಏಳು ಗಂಟೆಗೆ ಅವಧೂತ ಸರ್ ಅವರ ಲೂನಾ ಕೆಳಗೆ ಬಂದು ನಿಂತಿತು. ಸರ್ ಮೇಲೆ ಬಂದು ಕುರ್ಚಿಯಲ್ಲಿ ಕೂತರು. ಲೋಕನಾಥರೂ ಹೊಸ ಸೆಕ್ರೆಟರಿಗೆಂದು ಒಂದು ಪೊಟ್ಟಣ ಉದ್ದಿನ ವಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಸೂರ್ಯ ಮುಳುಗ್ಯಾನ. ಈಗ ಹೇಳ್ರಿ" ಎಂದರು ಸರ್. "ಮಾತಾಡಿದ್ರೇನು?"

"ಇಲ್ರಿ ಸರ್. ಒಂದು ಅಕ್ಷರ ಇಲ್ಲ."

"ಶಾಬಾಸ್. ಮನಸಿನ್ಯಾಗ ಏನಿತ್ತು?"

ಕೇಳಬಾರದಿತ್ತು. ಕಟ್ಟೆ ಒಡೆಯಿತು. ಟವೆಲ್ಲಿನಿಂದ ಹಿಡಿದು ದೀಪಾಲಿಯ ಬಚ್ಚಲಿನ ತನಕ ನಲವತ್ತೊಂದು ನಂಬರುಗಳನ್ನು ಅಪ್ಪಾಸಾಹೇಬರು ಒಂದೇ ಉಸಿರಿನಲ್ಲಿ, ಕ್ರಮ ತಪ್ಪದೆ, ಹೊರಗೆ ಹಾಕಿದರು. ಹಿಟ್ಟಿನ ಭಾಗಕ್ಕೆ ಬಂದಾಗ ಲೋಕನಾಥರು ವಡೆಯ ಪೊಟ್ಟಣವನ್ನು ಹೊಸ್ತಿಲಲ್ಲೇ ಇಟ್ಟು ಮಾಯವಾದರು. ಮಾಂತುವಿನ ಭಾಗಕ್ಕೆ ಬಂದಾಗ ಮಾಂತು, "ಇನ್ನೊಂದಿಷ್ಟು ಚಹಾ ತರ್ತೀನಿ" ಎಂದು ಅಡಿಗೆಮನೆ ಸೇರಿದ. ಕೆಳಗೆ ಸೊಸೈಟಿಯವರು ತಲೆ ಎತ್ತಿ ಕೇಳಿ, ಕಂಗಾಲಾಗಿ, ಮುಂದಿನ ವರ್ಷದ ಸಭೆಯ ದಿನವನ್ನು ಲೆಕ್ಕ ಹಾಕತೊಡಗಿದರು.

ಅವಧೂತ ಸರ್ ತಾಳ್ಮೆಯಿಂದ ಎಲ್ಲ ಕೇಳಿದರು.

"ಬಾಯಿ ಉಪವಾಸ ಇತ್ತು, ಮನಸು ದಿನಾ ಪೂರ್ತಿ ಉಣ್ಕೋತ ಕೂತಿತ್ತು" ಎಂದು ನಿಟ್ಟುಸಿರುಬಿಟ್ಟರು. "ಆದ್ರೂ ನೇಮ ಅಂದ್ರ ನೇಮ. ನೀವು ಪಾಸು." ಚೀಲದಿಂದ ಅರ್ಜಿ ತೆಗೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದರು. ಅಪ್ಪಾಸಾಹೇಬರ ಎದೆಯ ಮೇಲಿನ ಬಂಡೆ ಇಳಿಯಿತು. ಗೆದ್ದೆ ಎಂದುಕೊಂಡರು. "ಮನಿಯವರ ಸಾಕ್ಷಿ ಒಂದು ಬರಕೋಬೇಕು. ವೈನಿ, ಇವರು ಖರೇನs ಮಾತಾಡಲಿಲ್ಲೇನು? ಮನ್ಯಾಗ ಹ್ಯಾಂಗನಿಸ್ತು, ನಾಲ್ಕು ಮಾತು ಹೇಳ್ರಿ."

ಭೀಮವ್ವ ಸೆರಗು ಸರಿಪಡಿಸಿಕೊಂಡರು.

"ಖರೇ ಹೇಳ್ಲೇನ್ರಿ ಸರ್? ಮುಂಜಾನೆ ಚಹಾ ಕುಡದ್ನಿ. ಬಿಸಿ ಇತ್ರಿ. ನನ್ನ ಚಹಾ ದಿನಾ ಆರೇ ಹೋಗಿರ್ತದ. ಕುಡೀಲಿಕ್ಕೆ ಹೋಗೂದ್ರಾಗ ಟವೆಲ್ ಎಲ್ಲೆ, ಪೇಪರ್ ಎಲ್ಲೆ ಅಂತ ಒದರ್ತಾರ್ರಿ. ಇವತ್ತ ಯಾರೂ ಒದರಲಿಲ್ಲ. ದಿನಾ ಓಡೋ ಗಿರಣಿ ಒಮ್ಮಿಂದೊಮ್ಮೆ ನಿಂತ್ರ ಕಿವಿಯಾಗ ಆಗ್ತದಲ್ರಿ, ಹಂಗಾತು. ಮೊದಲ ಹೆದರಿಕಿ ಬಂತು. ಆಮ್ಯಾಲೆ ಸುಮ್ಸುಮ್ನ ನಗಿ ಬಂತು. ಮಧ್ಯಾಹ್ನ ಒಂದು ಕತಿ ಹೇಳಿದ್ನಿ, ಪೂರಾ ಮುಗಿಸಿದ್ನಿ. ಲಗ್ನಾದಾಗಿಂದ ಈ ಮನ್ಯಾಗ ನನ್ನ ಮಾತು ಒಂದು ಕಡೀತನಕ ಹೋಗಿದ್ದಿಲ್ರಿ. ಆಮ್ಯಾಲೆ ಅಡ್ಡಾದ್ನಿ. ನಿದ್ದಿ ಅಲ್ರಿ ಅದು. ಉಸಿರು ಬರೂದು, ಹೋಗೂದು ಎಲ್ಲಾ ತಿಳೀತಿತ್ತು. ಏನೂ ಬೇಕನಸಲಿಲ್ಲ. ಯಾರ ಮ್ಯಾಲೂ ಸಿಟ್ಟಿರಲಿಲ್ಲ. ಇವರ ಮ್ಯಾಲೂ ಇರಲಿಲ್ಲ."

ಸರ್ ಅವರ ಪೆನ್ನು ಕಾಗದದ ಮೇಲೆ ನಿಂತೇಬಿಟ್ಟಿತ್ತು. ಅವರ ಕಣ್ಣು ಒದ್ದೆಯಾಗಿತ್ತು.

"ಹನ್ನೊಂದು ವರ್ಷ ಆತು ನಾ ಕಲಿಸ್ಲಿಕ್ಕೆ ಹತ್ತಿ" ಎಂದರು ಮೆಲ್ಲಗೆ. "ಇದನ್ನ ಪುಸ್ತಕದಾಗ ಓದಿದ್ದೆ. ಒಬ್ಬ ವಿದ್ಯಾರ್ಥಿ ಬಾಯಾಗೂ ಕೇಳಿದ್ದಿಲ್ಲ." ಅಪ್ಪಾಸಾಹೇಬರ ಕಡೆ ತಿರುಗಿದರು. "ಸೀಟು ಒಂದs ಅದ. ನೇಮದ ಪ್ರಕಾರ ನಿಮ್ಮದು. ಆದ್ರ ನೀವs ಹೇಳ್ರಿ ಅಪ್ಪಾಸಾಹೇಬ, ಈ ಸೀಟಿನ ಮ್ಯಾಲೆ ಯಾರು ಕೂಡಬೇಕು?"

ಈಗ ಬಾಯಿಗೆ ಬೀಗವಿರಲಿಲ್ಲ. 'ನಾನು' ಎಂದರೆ ಮುಗಿದಿತ್ತು. ಅಪ್ಪಾಸಾಹೇಬರು ಹೆಂಡತಿಯ ಮುಖ ನೋಡಿದರು. ಅದರಲ್ಲಿ ಕೇಳಿಕೆಯಿರಲಿಲ್ಲ, ದೂರಿರಲಿಲ್ಲ, ಒಂದು ತಣ್ಣನೆಯ ಕಳೆಯಿತ್ತು. ಬಾವಿಗೆ ಬಿದ್ದ ಬೆಳ್ಳಿಯ ಲೋಟ ಕೊನೆಗೆ ಸಿಕ್ಕಿತೋ ಇಲ್ಲವೋ ತನಗೆ ಗೊತ್ತಿಲ್ಲವಲ್ಲ ಎಂದು ಅವರಿಗೆ ತಟ್ಟನೆ ನೆನಪಾಗಿ, ಇಪ್ಪತ್ತೆರಡು ವರ್ಷದ ನಾಚಿಕೆ ಒಮ್ಮೆಲೇ ಬಂತು.

"ಆಕೀಗೇ ಕೊಡ್ರಿ" ಎಂದುಬಿಟ್ಟರು.

ಮಾತು ಹೊರಗೆ ಬಿದ್ದ ಮರುಗಳಿಗೆಯೇ ಅವರಿಗೆ ಲೆಕ್ಕ ತಿಳಿಯಿತು. ಮಂಜೂರಾದ ಹತ್ತು ದಿನದ ರಜೆ. ಆ ಹತ್ತೂ ದಿನ ಮನೆಯಲ್ಲಿ ಮಾಂತು. ಅಡಿಗೆ ತಾವೇ ಮಾಡಬೇಕು. ಮೇಜಿನ ಮೇಲೆ ಎರಡು ಗೇಣು ದಪ್ಪದ ಫೈಲು. ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿ ಇದೆಯೇ ಎಂದು ಅವರು ಯೋಚಿಸುವಷ್ಟರಲ್ಲಿ ಸರ್ ಅರ್ಜಿಯಲ್ಲಿದ್ದ ಇವರ ಹೆಸರು ಹೊಡೆದುಹಾಕಿ 'ಭೀಮವ್ವ' ಎಂದು ಬರೆದಾಗಿತ್ತು. ಹೋಗಲಿ, ಹತ್ತೇ ದಿನವಲ್ಲವೇ, ಹಲ್ಲು ಕಚ್ಚಿ ಕಳೆದರಾಯಿತು ಎಂದು ಸಮಾಧಾನ ಮಾಡಿಕೊಂಡರು.

ಭೀಮವ್ವ ಸಂಕೋಚದಿಂದ ಕೇಳಿದರು. "ಸರ್, ಹತ್ತು ದಿನ ಆದಮ್ಯಾಲೆ ಮತ್ತ ಹತ್ತು ದಿನ ಅಲ್ಲೇ ಇರಬೇಕನಿಸಿದ್ರ ಇರ್ಲಿಕ್ಕೆ ಬರ್ತದೇನ್ರಿ?"

"ಯಾಕ ಬರಂಗಿಲ್ಲ? ಮನಿಯವರು ಬ್ಯಾಡ ಅನಬಾರದು, ಅಷ್ಟs" ಎಂದರು ಸರ್.

ಅಪ್ಪಾಸಾಹೇಬರು ಕುರ್ಚಿಯಿಂದ ಅರ್ಧ ಎದ್ದು, ಎದೆ ತುಂಬ ಗಾಳಿ ಎಳೆದುಕೊಂಡರು. ಭೀಮವ್ವ ಹತ್ತಿರ ಬಂದು, ಭುಜ ಹಿಡಿದು, ಅಕ್ಕರೆಯಿಂದ ಮತ್ತೆ ಕೂರಿಸಿದರು.

"ನೀವು ಸುಮ್ನ ಕೂಡ್ರಿ. ಇವತ್ತ ಭಾಳ ಛಂದ ಕೂತಿದ್ರಿ."

ಸರ್ ಅರ್ಜಿಯಲ್ಲಿ ಹತ್ತನ್ನು ಹೊಡೆದುಹಾಕಿ ಇಪ್ಪತ್ತು ಎಂದು ಬರೆದರು.